ಹೌದು, ನಾವು ಟೂರ್ ಹೋಗಿದ್ದೆವು



ಸ್ವಲ್ಪ ಉದ್ದದ ಪೋಸ್ಟ್ ಇದು. ಪುರಸೊತ್ತು ಇದ್ದಾಗ ಓದ್ರಿ.

ದಸರಾ ರಜೆಯಲ್ಲಿ ರಾವೂರಿನ ನಮ್ಮ ಓಣಿಯ 13 ಜನ ಕ್ರೂಸರ್ ಗಾಡಿ ಮಾಡಿಕೊಂಡು ಎರಡು ದಿನ ತಿರುಗಾಡಿ ಬಂದೆವು. ಸನ್ನತಿ, ಕನಗನಹಳ್ಳಿ, ನಾಗಾವಿ, ಮಳಖೇಡ, ಚಿಂಚೋಳಿ ಕಾಡು. ಫೋಟೋ ಹಾಕಿದ್ದೆ, ನೋಡಿರಬೇಕು. ಅವನ್ನು ನೋಡಿ ಚಳವಳಿಯ ಹಿರಿಯ ಸಂಗಾತಿಯೊಬ್ಬರು ಫೋನ್ ಮಾಡಿದರು. ನನಗೆ ಭಾಷಣ ಮಾಡೋದು ಕಲಿಸಿದವರೇ ಅವರು. "ಏನ್ ತಮ್ಮಾ, ಹಾಸ್ಟೆಲ್ ಹುಡುಗರ ಸ್ಕಾಲರ್‌ಶಿಪ್ ಬಂದಿಲ್ಲ, ಸ್ಮಶಾನದ ಜಾಗದ ಕೇಸ್ ಹಂಗೇ ಬಿದ್ದದ, ನೀ ಪಿಕ್ನಿಕ್ ಹೊಂಟೀಯಲ್ಲ?" ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಕಾಳಜಿಯಿಂದಲೇ ಅಂದದ್ದು. ಫೋನಿನಲ್ಲಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ಹೇಳ್ತೀನಿ. ಅವರೊಬ್ಬರಿಗೇ ಅಲ್ಲ, ನಮ್ಮೆಲ್ಲರಿಗೂ ಬೇಕಾದ ಮಾತು ಇದು ಅನ್ನಿಸ್ತು.

ಮೊದಲು ಒಂದು ಪ್ರಶ್ನೆ. ನಮ್ಮ ಮಂದಿ ಊರು ಬಿಟ್ಟು ಹೊರಗೆ ಯಾವಾಗ ಹೋಗ್ತಾರೆ? ನಾನು ಲೆಕ್ಕ ಹಾಕಿ ನೋಡಿದೆ. ನಮ್ಮ ಅಪ್ಪ ತನ್ನ 74 ವರ್ಷದಲ್ಲಿ ಮುಂಬೈಗೆ ಹೋಗಿದ್ದಾನೆ, ಗುಳೆ. ಪುಣೆಗೆ ಹೋಗಿದ್ದಾನೆ, ಗುಳೆ. ಹೈದರಾಬಾದಿಗೆ ಎರಡು ಸಲ, ಒಮ್ಮೆ ಗುಳೆ, ಒಮ್ಮೆ ದವಾಖಾನೆ. ಕಲಬುರಗಿಗೆ ಹೋದದ್ದೆಲ್ಲ ಕೋರ್ಟು, ದವಾಖಾನೆ, ಇಲ್ಲಾಂದ್ರೆ ಧರಣಿ. ನಾಗಪುರದ ದೀಕ್ಷಾಭೂಮಿಗೆ ಒಂದು ಸಲ ಹೋಗಿದ್ದು ಮಾತ್ರ ತನ್ನ ಖುಷಿಗೆ ಹೋದದ್ದು. ವಾಡಿ ಜಂಕ್ಷನ್ನಿನಿಂದ ಹೈದರಾಬಾದ್ ಕಡೆ ರೈಲು ಹಳಿ ಬಿದ್ದದ್ದು 1874ರಲ್ಲಿ. ಒಂದೂವರೆ ನೂರು ವರ್ಷದಿಂದ ನಮ್ಮ ಕಣ್ಣೆದುರೇ ಗಾಡಿ ಓಡ್ತಾ ಇವೆ. ಆದರೆ ಸುಮ್ಮನೆ ಒಂದು ಜಾಗ ನೋಡಿ ಬರೋಣ ಅಂತ ಆ ಗಾಡಿ ಹತ್ತಿದವರು ನಮ್ಮ ಓಣಿಯಲ್ಲಿ ಎಷ್ಟು ಜನ? ಕೈಬೆರಳು ಜಾಸ್ತಿ ಆಗ್ತವೆ.

ನನ್ನದೇ ಹೇಳ್ತೀನಿ. ನಾನು ಏಳನೇ ಈಯತ್ತೆಯಲ್ಲಿದ್ದಾಗ ಶಾಲೆಯಿಂದ ವಿಜಾಪುರಕ್ಕೆ ಟ್ರಿಪ್ ಹೊರಟಿತ್ತು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳ್ತದೆ ಅಂತ ಮಾಸ್ತರು ಹೇಳಿದ್ದರು. ನಮ್ಮ ಮನೆಯಲ್ಲಿ ಫೀ ಕಟ್ಟೋ ಶಕ್ತಿ ಇರಲಿಲ್ಲ, ನಾನು ಹೋಗಲಿಲ್ಲ. ನಮ್ಮ ಓಣಿಯಿಂದ ಒಬ್ಬ ಹುಡುಗ ಹೋದ. ವಾಪಸ್ ಬಂದವನನ್ನು ಸುತ್ತುಗಟ್ಟಿ ಕೇಳಿದೆವು, "ಏಳು ಸಲ ಕೇಳ್ತದೇನೋ?" ಅಂತ. ಅವನು ಗುಮ್ಮಟದ ಸುದ್ದಿಯನ್ನೇ ಹೇಳಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬನನ್ನೇ ಕೂಡಿಸಿದ್ದು, ಬುತ್ತಿ ಬಿಚ್ಚುವಾಗ ಬೇರೆ ಕಡೆ ಹೋಗು ಅಂದದ್ದು, ಇಷ್ಟೇ ಹೇಳಿದ. ಆಮೇಲೆ ನಮ್ಮ ಓಣಿಯ ಯಾವ ಹುಡುಗನೂ ಟ್ರಿಪ್ ಹೆಸರು ತೆಗೆಯಲಿಲ್ಲ.

ಈಗ ನಾನು ಆಫೀಸಿನಲ್ಲಿ ಗುಮಾಸ್ತ. ನನ್ನ ಟೇಬಲ್ಲಿಗೆ ಬರೋ ಫೈಲುಗಳಲ್ಲಿ ಎಲ್‌ಟಿಸಿ ಬಿಲ್ಲುಗಳೂ ಇರ್ತವೆ. ಸಾಹೇಬರು ಕೇರಳಕ್ಕೆ ಹೋದದ್ದು, ಸೂಪರಿಂಟೆಂಡೆಂಟರು ಡೆಲ್ಲಿ ಆಗ್ರಾ ನೋಡಿದ್ದು, ಎಲ್ಲದಕ್ಕೂ ಟಿಕೆಟ್ ಅಂಟಿಸಿ, ನಂಬರ್ ಹಾಕಿ, ಮಂಜೂರಾತಿಗೆ ಇಟ್ಟವನು ನಾನು. ಎಷ್ಟೋ ಊರುಗಳನ್ನು ನಾನು ಬಿಲ್ಲಿನಲ್ಲಿ ನೋಡಿದ್ದೀನಿ.

ಈಗ ಬಾಬಾಸಾಹೇಬರ ಮಾತಿಗೆ ಬರ್ತೀನಿ. 'ವೇಟಿಂಗ್ ಫಾರ್ ಎ ವೀಸಾ' ನಾವೆಲ್ಲ ಓದಿದ್ದೀವಿ, ಸಭೆಗಳಲ್ಲಿ ಹೇಳಿದ್ದೀವಿ. ಆ ಸಣ್ಣ ಪುಸ್ತಕವನ್ನು ಇನ್ನೊಂದು ಸಲ ತೆಗೆದು ನೋಡ್ರಿ. ಅದರಲ್ಲಿ ಬಾಬಾಸಾಹೇಬರು ತಮ್ಮ ಬಗ್ಗೆ ಬರೆದುಕೊಂಡದ್ದೆಲ್ಲ ಹೆಚ್ಚೂಕಡಿಮೆ ಪ್ರಯಾಣದ ಕಥೆ. 1901ರಲ್ಲಿ ಮಕ್ಕಳು ಅಪ್ಪನನ್ನು ನೋಡಲು ಹೊರಟು ರೈಲಿಳಿದಾಗ ಗಾಡಿಯವನು ಸಿಗದೇ ಒದ್ದಾಡಿದ್ದು, ದಾರಿಯುದ್ದಕ್ಕೂ ನೀರು ಸಿಗದೇ ಹೋದದ್ದು. ಬರೋಡಾದಲ್ಲಿ ಇಳಿದುಕೊಳ್ಳಲು ಒಂದು ಕೋಣೆ ಸಿಗದೇ ಹೋದದ್ದು. 1929ರಲ್ಲಿ ಚಾಳೀಸಗಾಂವದಲ್ಲಿ ಟಾಂಗಾದವರು ಹೊಡೆಯಲು ಒಲ್ಲೆ ಅಂದಾಗ, ಟಾಂಗಾ ಹೊಡೆದೇ ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದು, ಸೇತುವೆ ಹತ್ತಿರ ಗಾಡಿ ಜಗ್ಗಿ, ಬಾಬಾಸಾಹೇಬರು ಕೆಳಗೆ ಬಿದ್ದು ಕಾಲು ಮುರಿದದ್ದು.

ಇನ್ನೊಂದು 1934ರದು. ಅದು ಪಕ್ಕಾ ಟೂರೇ. ಚಳವಳಿಯ ಕಾರ್ಯಕರ್ತರೇ ಬಾಬಾಸಾಹೇಬರಿಗೆ, ಎಲ್ಲಾದರೂ ನೋಡಲು ಹೋಗೋಣ ಅಂದರು. ವೇರೂಳದ ಬೌದ್ಧ ಗುಹೆಗಳನ್ನು ನೋಡೋದು ಅಂತ ಆಯ್ತು. ಸುಮಾರು 30 ಜನ ಬಸ್ಸಿನಲ್ಲಿ ಹೊರಟರು. ದಾರಿಯಲ್ಲಿ ದೌಲತಾಬಾದ್ ಕೋಟೆ. ದೂಳು ಹತ್ತಿದ್ದ ಮುಖ, ಕೈಕಾಲು ತೊಳೆಯಲು ಅಲ್ಲಿನ ಹೊಂಡದ ನೀರು ಮುಟ್ಟಿದರು. ಹೊಂಡ ಮೈಲಿಗೆ ಆಯ್ತು ಅಂತ ಗಲಾಟೆ ಎದ್ದಿತು. ಕೊನೆಗೆ ಕೋಟೆಯೊಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಹೇಳಿ, ಬಂದೂಕಿನ ಸಿಪಾಯಿಯನ್ನು ಕಾವಲಿಗೆ ಕೊಟ್ಟು ಕೋಟೆ ತೋರಿಸಿದರು. ಆ ದೌಲತಾಬಾದ್ ಯಾವ ರಾಜ್ಯದಲ್ಲಿತ್ತು? ನಿಜಾಮನ ಹೈದರಾಬಾದಿನಲ್ಲಿ. ನಮ್ಮ ರಾವೂರು, ವಾಡಿ, ಚಿತ್ತಾಪುರ ಇದ್ದ ರಾಜ್ಯವೇ ಅದು.

ಅಂದರೆ, ಸಂಗಾತಿ, ಚಳವಳಿಯವರು ಟೂರ್ ಹೋಗೋದು ಹೊಸದಲ್ಲ. ಬಾಬಾಸಾಹೇಬರೇ ಕರೆದುಕೊಂಡು ಹೋಗಿದ್ದರು. ಮಹಾಡದ ಕೆರೆ ನೀರು ಮುಟ್ಟಿ ಏಳು ವರ್ಷ ಆಗಿತ್ತು, ಪುಣೆ ಒಪ್ಪಂದ ಮುಗಿದು ಎರಡು ವರ್ಷ ಆಗಿತ್ತು. ಅಂಥ ಕಾಲದಲ್ಲೂ ಹಳೇ ಗುಹೆ ನೋಡಲು ಅವರಿಗೆ ಪುರಸೊತ್ತು ಇತ್ತು.

ಸಂವಿಧಾನದ 15ನೇ ವಿಧಿ ನಮಗೆಲ್ಲ ಬಾಯಿಪಾಠ. ಆದರೆ ಎರಡನೇ ಉಪವಿಧಿಯನ್ನು ನಿಧಾನಕ್ಕೆ ಓದ್ರಿ. ಅಂಗಡಿ, ಹೋಟೆಲ್ಲು, ಮನರಂಜನೆಯ ಜಾಗ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ಸಾರ್ವಜನಿಕ ಸ್ಥಳ. ಇವು ಯಾವುದರಲ್ಲೂ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. ಒಬ್ಬ ಮನುಷ್ಯ ಟೂರ್ ಹೊರಟರೆ ಮುಟ್ಟೋ ಜಾಗಗಳೆಲ್ಲ ಆ ಪಟ್ಟಿಯಲ್ಲಿವೆ. ಆ ವಿಧಿಯನ್ನು ನಾವು ಕೇಸ್ ಹಾಕುವಾಗ ಮಾತ್ರ ತೆಗೀತೀವಿ. ಖುಷಿಯಾಗಿ ಬಳಸಿಕೊಂಡದ್ದು ಕಡಿಮೆ.

ಇದನ್ನೆಲ್ಲ ನಮ್ಮ ಓದು ಕೇಂದ್ರದ ಮಕ್ಕಳಿಗೆ ಹೇಳಿದಾಗ, ಪಿಯುಸಿ ಓದೋ ನನ್ನ ಮಗಳು ಕೇಳಿದಳು. "ಅಪ್ಪಾ, ಸನ್ನತಿ ನಮ್ಮ ತಾಲೂಕಿನಾಗೇ ಅದ ಅಂತೀರಿ, ಭಾಷಣದಾಗ ಹತ್ತು ಸಲ ಹೇಳ್ತೀರಿ. ನಮ್ಮನ್ನ ಯಾಕ ಕರ್ಕೊಂಡು ಹೋಗಿಲ್ಲ?" ಹಾಗೆ ಶುರುವಾಯ್ತು ಟೂರು. ತಲೆಗೆ 700 ರೂಪಾಯಿ ಅಂತ ಲೆಕ್ಕ. ಆಗದವರ ಪಾಲನ್ನು ನೌಕರಿ ಇದ್ದ ನಾವು ಮೂವರು ಹಂಚಿಕೊಂಡೆವು. ಎಂಟು ಮಕ್ಕಳು, ನಾನು, ನನ್ನ ಹೆಂಡತಿ, ಅಂಗನವಾಡಿ ಕೆಲಸದ ತಂಗಿ, ಪಕ್ಕದ ಮನೆಯ ಕಾಕಾ, ಮತ್ತೆ ಅಪ್ಪ. "ನಾ ಯಾಕ ಬರಲಿ, ಕಲ್ಲು ನೋಡಲಾಕ?" ಅಂದ ಅಪ್ಪ. ನಲವತ್ತು ವರ್ಷ ಫರಸಿ ಖಣಿಯಲ್ಲಿ ಹಾರಿ, ಸುತ್ತಿಗೆ ಹಿಡಿದವನು. ಕಲ್ಲು ನೋಡಿ ಸಾಕಾಗಿದೆ ಅವನಿಗೆ. ಮೊಮ್ಮಗಳು ಕೈ ಹಿಡಿದು ಎಳೆದಳು ಅಂತ ಬಂದ.

ಮೊದಲ ದಿನ ಸನ್ನತಿ. ವಾಡಿ ದಾಟಿ ನಾಲವಾರದ ಕಡೆಗೆ. ಈ ದಾರಿಯಲ್ಲಿ ಚೆಂದ ಏನಿದೆ ಅಂತ ಬೆಂಗಳೂರು ಕಡೆಯವರು ಕೇಳಬಹುದು. ಮಲೆನಾಡಿನ ಹಾಗೆ ಹಸಿರು ಗುಡ್ಡ ಇಲ್ಲ, ನಿಜ. ಆದರೆ ಮಳೆ ಮುಗಿದ ಮೇಲೆ ನಮ್ಮ ನಾಡನ್ನು ನೋಡಬೇಕು. ಎರಡೂ ಕಡೆ ಕರಿ ಮಣ್ಣು, ಕಣ್ಣು ಹೋಗೋವರೆಗೂ ತೊಗರಿ, ಇನ್ನೇನು ಹಳದಿ ಹೂ ಬಿಡ್ತಾ ಇತ್ತು. ನಡುನಡುವೆ ಹಳೇ ಖಣಿಗಳು ನೀರು ತುಂಬಿಕೊಂಡು ಹಸಿರು ಕನ್ನಡಿ ಹಾಗೆ ಕಾಣ್ತಿದ್ದವು. ಮಕ್ಕಳು "ಕೆರೆ, ಕೆರೆ" ಅಂದರು. ಅಪ್ಪ ಒಂದೊಂದನ್ನೂ ತೋರಿಸಿ, ಇದು ಇಂಥವರ ಖಣಿ, ಇಲ್ಲಿ ನಾ ಮೂರು ವರ್ಷ ದುಡಿದೀನಿ, ಅಲ್ಲಿ ಬಂಡೆ ಸರಿದು ಇಬ್ಬರು ಸತ್ತರು ಅಂತ ಹೇಳ್ತಾ ಹೋದ. ಕಿಡಕಿಯಿಂದ ಮಕ್ಕಳಿಗೆ ಕಂಡ ದೃಶ್ಯ ಬೇರೆ, ಅಪ್ಪನಿಗೆ ಕಂಡದ್ದು ಬೇರೆ. ಎರಡೂ ಒಂದೇ ರಸ್ತೆ.

ಸನ್ನತಿಯ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳ್ತೀನಿ, ಯಾಕಂದ್ರೆ ಮಕ್ಕಳು ಇದನ್ನು ಬಾಯಿ ತೆಗೆದು ಕೇಳಿದರು. ಭೀಮಾ ನದಿ ದಂಡೆಯಲ್ಲಿ ಚಂದ್ರಲಾಂಬಾ ದೇವಸ್ಥಾನ. ಅಲ್ಲಿನ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿತ್ತು, ಮೂರ್ತಿ ಒಡೆಯಿತು. ಆಮೇಲೆ ಸರಿಮಾಡುವಾಗ ಮೂರ್ತಿಯ ಕೆಳಗಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರ ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕ ಸಾಮ್ರಾಟನ ಶಾಸನ! ಮೂರ್ತಿ ಕೂಡಿಸಲು ಯಾರೋ ಯಾವ ಕಾಲದಲ್ಲೋ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಆ ತೂತಿನಲ್ಲಿ ಎಷ್ಟೋ ಅಕ್ಷರ ಹೋದವು. ಉಳಿದದ್ದರಲ್ಲಿ 12ನೇ ಶಿಲಾಶಾಸನದ ಭಾಗ ಇದೆ. ತನ್ನ ಪಂಥವನ್ನೇ ಹೊಗಳಿಕೊಂಡು ಬೇರೆಯವರದನ್ನು ಹಳಿಯಬಾರದು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಬೇಕು ಅನ್ನೋದು ಆ ಶಾಸನದ ತಿರುಳು. ಕಳಿಂಗದ ಧೌಲಿ, ಜೌಗಡ ಬಿಟ್ಟರೆ ಎಲ್ಲೂ ಸಿಗದ ಎರಡು ಪ್ರತ್ಯೇಕ ಶಾಸನಗಳೂ ಇಲ್ಲಿ ಸಿಕ್ಕಿವೆ. ಪ್ರಜೆಗಳೆಲ್ಲ ತನ್ನ ಮಕ್ಕಳ ಹಾಗೆ ಅಂತ ರಾಜ ಹೇಳಿಕೊಂಡದ್ದು ಅವುಗಳಲ್ಲೇ.

ಅಲ್ಲಿಂದ ಹತ್ತಿರವೇ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇಡೀ ಒಂದು ಮಹಾಸ್ತೂಪವೇ ಹೊರಗೆ ಬಂತು. ಅಧೋಲೋಕ ಮಹಾಚೈತ್ಯ ಅಂತ ಅದರ ಹೆಸರು, ಕಲ್ಲಿನ ಮೇಲೇ ಬರೆದಿದೆ. ಬುದ್ಧನ ಮೂರ್ತಿಗಳು, ಜಾತಕ ಕಥೆಗಳ ಫಲಕಗಳು, ಶಾತವಾಹನ ರಾಜರು. ಎಲ್ಲಕ್ಕಿಂತ ಹೆಚ್ಚಾಗಿ, ರಾಣಿಯ ಜೊತೆ ನಿಂತ ಅಶೋಕ, ಅದರ ಮೇಲೆ "ರಾಯ ಅಸೋಕೊ" ಅಂತ ಹೆಸರು. ಅಶೋಕನ ಹೆಸರನ್ನೇ ಕೆತ್ತಿದ ಅವನ ಶಿಲ್ಪ ಸಿಕ್ಕಿದ್ದು ನಮ್ಮ ಚಿತ್ತಾಪುರ ತಾಲೂಕಿನ ನೆಲದಲ್ಲಿ. ಈ ಕಲ್ಲುಗಳನ್ನು ಯಾರು ಕೊಟ್ಟರು ಅಂತಲೂ ಬರೆದಿದೆ. ಭಿಕ್ಕುಗಳು ಕೊಟ್ಟಿದ್ದಾರೆ, ಭಿಕ್ಕುಣಿಯರು ಕೊಟ್ಟಿದ್ದಾರೆ, ಮನೆಮಠ ಇದ್ದ ಸಾದಾ ಜನ ಕೊಟ್ಟಿದ್ದಾರೆ. ಎಷ್ಟೋ ವರ್ಷ ಈ ಶಿಲ್ಪಗಳು ಬಯಲಲ್ಲಿ, ಶೆಡ್ಡಿನಲ್ಲಿ ಬಿದ್ದಿದ್ದವು. ಇತ್ತೀಚೆಗೆ ಜೋಡಿಸೋ ಕೆಲಸ ಶುರುವಾಯ್ತು.

ಮಕ್ಕಳೆಲ್ಲ ಬುದ್ಧನನ್ನು ನೋಡ್ತಾ ಇದ್ದಾಗ ಅಪ್ಪ ಒಂದು ಮುರಿದ ಫಲಕದ ಪಕ್ಕ ಬಗ್ಗಿ ಅದರ ಅಂಚನ್ನು ನೋಡ್ತಾ ಇದ್ದ. ಮುಂದಿನ ಮುಖ ಅಲ್ಲ, ಅಂಚು. ಆಮೇಲೆ ನನ್ನನ್ನು ಕರೆದ. "ಇದು ನಮ್ಮ ಕಲ್ಲು ಅದ ನೋಡು," ಅಂದ. "ಪದರ ನೋಡು. ಫರಸಿ ಏಳೋ ಹಂಗೇ ಎದ್ದದ. ಹೊರಗಿಂದ ತಂದಿದ್ದಲ್ಲ." ಹೌದು, ಅದು ಸುಣ್ಣದ ಕಲ್ಲು. ದೇಶದ ತುಂಬ ಮನೆ ನೆಲಕ್ಕೆ, ರೈಲ್ವೆ ಪ್ಲಾಟ್‌ಫಾರ್ಮಿಗೆ ಹಾಸಿದ ನಮ್ಮ ಶಹಾಬಾದಿ ಫರಸಿಯ ಜಾತಿಗೇ ಸೇರಿದ್ದು. ನಲವತ್ತು ವರ್ಷ ಅಪ್ಪ ಒಡೆದ ಕಲ್ಲಿನ ಅಣ್ಣತಮ್ಮ. "ಹಾರಿ ಎಲ್ಲಿ ಹಾಕ್ಯಾರ, ಎಲ್ಲಿ ಎಬ್ಬಿಸ್ಯಾರ, ನಾ ಹೇಳಬಲ್ಲೆ," ಅಂತ ಕೈ ಮುಂದೆ ಮಾಡಿದ.

ಕಾವಲಿನವರು ದೂರದಿಂದ ಕೂಗಿದರು, "ಮುತ್ಯಾ, ಮುಟ್ಟಬ್ಯಾಡ್ರಿ!"

ನನಗೆ ಎದೆ ಧಸಕ್ ಅಂತು. ಅಪ್ಪ ಕೈ ಹಿಂದಕ್ಕೆ ತೆಗೆದು ಅವರ ಕಡೆ ನೋಡಿದ. ಅವರು ಹತ್ತಿರ ಬಂದು, "ಯಾರೂ ಮುಟ್ಟಂಗಿಲ್ರಿ, ಸಾಹೇಬರು ಬಂದ್ರೂ ಅಷ್ಟೇ," ಅಂದರು. ಅಪ್ಪ ನಗಲು ಶುರುಮಾಡಿದ. ಕೆಮ್ಮು ಬರೋವರೆಗೂ ನಕ್ಕ. "ಎಲ್ಲಾರಿಗೂ ಒಂದೇ ರೂಲ್ ಅದೇನ್ರಿ? ಹಂಗಾದ್ರ ಛಲೋ ಆಯ್ತು ಬಿಡ್ರಿ," ಅಂದ. ಕಾವಲಿನವರಿಗೆ ಏನು ತಿಳಿಯಿತೋ, ಅವರೂ ನಕ್ಕರು. ಆಮೇಲೆ ಅವರಿಬ್ಬರೂ ಅರ್ಧ ತಾಸು ಕಲ್ಲಿನ ಸುದ್ದಿ ಮಾತಾಡಿದರು. ಗಾಡಿಯ ಹಾರನ್ ಹೊಡೆದು ಕರೆಯಬೇಕಾಯ್ತು.

ಇತಿಹಾಸದಲ್ಲಿ ನಾವು ಎಲ್ಲಿದ್ದೆವು ಅಂತ ಕೇಳಿದರೆ ನಾನು ಭಾಷಣದಲ್ಲಿ ಬಹಳ ಹೇಳ್ತೀನಿ. ಅಪ್ಪ ಒಂದು ಕಲ್ಲಿನ ಅಂಚು ನೋಡಿ ಹೇಳಿದ. ಆ ಸ್ತೂಪಕ್ಕೆ ಕಲ್ಲು ಎಬ್ಬಿಸಿದವರ ಹೆಸರು ಅಲ್ಲಿಲ್ಲ. ಆದರೆ ಅವರ ಕೆಲಸವನ್ನು ಗುರುತು ಹಿಡಿಯುವ ಕಣ್ಣು ನಮ್ಮ ಮನೆಯಲ್ಲೇ ಇದೆ ಅಂತ ಮಕ್ಕಳು ಕಂಡರು.

ವಾಪಸ್ ಬರುವಾಗ ದಾರಿಯ ಒಂದು ಊರಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಊರ ಹೆಸರು ಬೇಡ. ಗಾಡಿ ಹಿಂದೆ ನೀಲಿ ಬಣ್ಣದ "ಜೈ ಭೀಮ್" ಸ್ಟಿಕ್ಕರ್ ಇತ್ತು. ಹೋಟೆಲಿನಲ್ಲಿ ಕೂತಿದ್ದವರೆಲ್ಲ ಗಾಜಿನ ಗ್ಲಾಸಿನಲ್ಲಿ ಕುಡೀತಾ ಇದ್ದರು. ನಮಗೆ ಕಾಗದದ ಕಪ್ಪು ಬಂದವು. ನನ್ನ ಮಗಳ ಗೆಳತಿ ಕೇಳಿದಳು, "ಕಾಕಾ, ನಮಗ ಗ್ಲಾಸ್ ಯಾಕಿಲ್ಲ?" ಅವರು, "ನೀವು ಮಂದಿ ಬಹಳ ಅದೀರವ್ವಾ, ಗ್ಲಾಸ್ ಸಾಲಲ್ಲ," ಅಂದರು. ಅಷ್ಟರಲ್ಲಿ ಇಬ್ಬರು ಬೈಕಿನಿಂದ ಇಳಿದು ಬಂದರು. ಅವರಿಗೆ ಗ್ಲಾಸು ಸಿಕ್ಕಿತು.

ನಿಜವಾಗಿಯೂ ಗ್ಲಾಸ್ ಸಾಲದೇ ಇದ್ದಿರಬಹುದು. ಬೈಕಿನವರು ದಿನಾ ಬರೋ ಗಿರಾಕಿಗಳೂ ಇರಬಹುದು. ಆದರೆ ಆ ಅನುಮಾನವನ್ನು ಚಹಾದ ಜೊತೆ ಕುಡಿಯೋ ಕೆಲಸ ಯಾವಾಗಲೂ ನಮ್ಮದೇ ಯಾಕೆ? ಮೊದಲು ಎರಡು ಗ್ಲಾಸ್ ಇದ್ದಾಗ ಕಣ್ಣಿಗೆ ಕಾಣ್ತಿತ್ತು, ಫೋಟೋ ತೆಗೆದು ದೂರು ಕೊಡಬಹುದಿತ್ತು. ಕಾಗದದ ಕಪ್ಪು ಬಂದ ಮೇಲೆ ಹಿಡಿದು ತೋರಿಸಲು ಏನೂ ಇಲ್ಲ. ಯಾರು ಕೇಳಿದರೂ ಸ್ವಚ್ಛತೆ ಅನ್ನಬಹುದು.

ನಾನು ಎದ್ದು ಮಾತಾಡೋಣ ಅನ್ನೋದರೊಳಗೆ ಆ ಹುಡುಗಿಯೇ ಹೇಳಿದಳು. "ಕಾಕಾ, ನಮಗ ಗಡಿಬಿಡಿ ಇಲ್ಲ. ಗ್ಲಾಸ್ ಖಾಲಿ ಆದಂಗ ಕೊಡ್ರಿ. ಕಾಯ್ತೀವಿ." ಕಾದೆವು. ನಾಲ್ಕು ಗ್ಲಾಸ್ ಖಾಲಿಯಾದವು, ನಾಲ್ಕು ಜನ ಕುಡಿದರು. ಮತ್ತೆ ನಾಲ್ಕು. ಹೋಟೆಲಿನವರು ಏನೂ ಅನ್ನಲಿಲ್ಲ, ಮುಖವೂ ಎತ್ತಲಿಲ್ಲ. ಕೊನೆಯ ಸುತ್ತಿಗೆ ಚಹಾ ಕಡಿಮೆ ಬಿದ್ದು ಹೊಸದಾಗಿ ಇಟ್ಟರು, ಅದರಲ್ಲಿ ಶುಂಠಿ ಜಾಸ್ತಿ ಹಾಕಿದ್ದರು. 13 ಜನಕ್ಕೆ ಚಹಾ ಕುಡಿಯಲು ಮುಕ್ಕಾಲು ತಾಸು ಹಿಡಿಯಿತು. ಗದ್ದಲ ಇಲ್ಲ, ಘೋಷಣೆ ಇಲ್ಲ. ದುಡ್ಡು ಕೊಟ್ಟು ಬಂದೆವು. ಗಾಡಿಯಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಹುಡುಗಿಯರು ಸಿನಿಮಾ ಹಾಡು ಹಚ್ಚಿದರು.

ಎರಡನೇ ದಿನ ನಸುಕಿನಲ್ಲೇ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಕಟ್ಟಿಕೊಂಡಿದ್ದೆವು. ಮೊದಲು ಚಿತ್ತಾಪುರದ ಪಕ್ಕದ ನಾಗಾವಿ. ಅರವತ್ತು ಕಂಬದ ಗುಡಿ, ಹಾಳುಬಿದ್ದ ಮಂಟಪಗಳು, ಬೇವಿನ ಗಿಡದ ನೆರಳು. ಹನ್ನೊಂದನೇ ಶತಮಾನದಲ್ಲಿ ಇದು ದೊಡ್ಡ ಘಟಿಕಾಸ್ಥಾನ. 1058ರ ಶಾಸನದಲ್ಲಿ ಇಲ್ಲಿ ವೇದ, ಶಾಸ್ತ್ರ ಕಲಿಸುತ್ತಿದ್ದದ್ದು, ಆರು ಜನ ಗ್ರಂಥಪಾಲಕರು ಇದ್ದದ್ದು ಬರುತ್ತದೆ. ಅವರಿಗೆ 'ಸರಸ್ವತೀ ಭಂಡಾರಿಗ' ಅಂತ ಹೆಸರು. ಸಾವಿರ ವರ್ಷದ ಹಿಂದೆ ಲೈಬ್ರರಿಗೆ ಆರು ಜನ ನೌಕರರು! ಕೇಳಿದರೆ ಹೆಮ್ಮೆ ಆಗ್ತದೆ. ಆದರೆ ಆ ಮಂಟಪದ ಮೆಟ್ಟಿಲು ನಮ್ಮ ಮುತ್ಯಾನ ಮುತ್ಯಾ ಹತ್ತೋ ಹಾಗಿತ್ತೇ ಅಂತಲೂ ಕೇಳಬೇಕು. ಎರಡನ್ನೂ ಒಟ್ಟಿಗೇ ಮಕ್ಕಳಿಗೆ ಹೇಳಿದೆ. ಒಂದನ್ನೇ ಹೇಳಿದರೆ ಅರ್ಧ ಸುಳ್ಳು. ಆ ಮೆಟ್ಟಿಲ ಮೇಲೆ ಎಂಟೂ ಮಕ್ಕಳನ್ನು ಕೂಡಿಸಿ ಫೋಟೋ ತೆಗೆದೆ. ನೀವು ಬಹಳ ಲೈಕ್ ಮಾಡಿದ ಫೋಟೋ ಅದೇ.

ದಂಡೋತಿಯಲ್ಲಿ ಕಾಗಿಣಾ ದಾಟಿದೆವು. ಮಳೆಗಾಲದಲ್ಲಿ ಆ ಸೇತುವೆ ಮುಳುಗಿ ದಾರಿ ಬಂದ್ ಆಗೋದು ನಮ್ಮ ಕಡೆಯವರಿಗೆ ಗೊತ್ತು. ಮುಂದೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕೃತಿ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ. ಓದು ಕಲಿಯದ ಕನ್ನಡದ ಜನಕ್ಕೂ ಕಾವ್ಯದ ಬುದ್ಧಿ ಇದೆ ಅಂತ ಆ ಪುಸ್ತಕ ಹೇಳ್ತದೆ. ನಮ್ಮ ಅವ್ವ ಇದ್ದಿದ್ದರೆ ಈ ಮಾತು ಕೇಳಿಸಬೇಕಿತ್ತು. ಬೀಸುವಾಗ ರಾತ್ರಿಯೆಲ್ಲ ಹಾಡು ಕಟ್ಟಿದವಳು, ಸಹಿ ಮಾಡಲು ಬರ್ತಿರಲಿಲ್ಲ. ಕೋಟೆಯ ಗೋಡೆಗೂ ನಮ್ಮ ಕಡೆಯ ಕಲ್ಲೇ. ಅಪ್ಪ ಈ ಸಲ ಏನೂ ಹೇಳಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕೂತು ಕಾಗಿಣಾ ನದಿ ನೋಡ್ತಾ ರೊಟ್ಟಿ ತಿಂದ.

ಸೇಡಂ ದಾಟೋವರೆಗೆ ಸಿಮೆಂಟಿನ ಲಾರಿಗಳ ಸಾಲು. ಅಲ್ಲಿಂದ ಚಿಂಚೋಳಿ ಕಡೆ ಹೊರಳಿದ ಮೇಲೆ ನೆಲದ ಬಣ್ಣವೇ ಬದಲಾಗ್ತದೆ. ಕರಿ ಮಣ್ಣು ಹೋಗಿ ಕೆಂಪು ಮಣ್ಣು, ಗುಡ್ಡ, ಸಾಗವಾನಿ ಗಿಡ. "ಇದು ನಮ್ಮ ಜಿಲ್ಲೆನೇ ಏನ್ರಿ?" ಅಂತ ಮಕ್ಕಳು ಮತ್ತೆ ಮತ್ತೆ ಕೇಳಿದರು. ನಮ್ಮ ಜಿಲ್ಲೆಯೇ. ಸುಮಾರು 135 ಚದರ ಕಿಲೋಮೀಟರಿನ ಈ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯ್ತು. ಒಣ ನಾಡಿನ ಕಾಡಿಗೆ ಇಂಥ ಮಾನ್ಯತೆ ಸಿಕ್ಕಿದ್ದು ದಕ್ಷಿಣ ಭಾರತದಲ್ಲೇ ಮೊದಲು ಅಂತಾರೆ. ಚಿಗರಿ, ತೋಳ, ನರಿ, ಕತ್ತೆಕಿರುಬ, ನಾಲ್ಕು ಕೊಂಬಿನ ಜಿಂಕೆ ಇಲ್ಲಿವೆ. ಚಂದ್ರಂಪಳ್ಳಿ ಜಲಾಶಯದ ಕಟ್ಟೆ ಮೇಲೆ ನಿಂತರೆ ಸುತ್ತಲೂ ಗುಡ್ಡ, ನಡುವೆ ನೀರು. ಎತ್ತಿಪೋತ ಜಲಪಾತದಲ್ಲಿ ನೀರು ಇನ್ನೂ ಬೀಳ್ತಾ ಇತ್ತು. ಮಕ್ಕಳು ನೀರಿಗಿಳಿದರು. ಯಾರೂ ಯಾವ ಓಣಿಯವರು ಅಂತ ಕೇಳಲಿಲ್ಲ. ಅಂಗನವಾಡಿ ತಂಗಿ ಸೀರೆ ಸಮೇತ ನೀರಿನ ಕೆಳಗೆ ಹೋಗಿ ನಿಂತಳು, ಎಷ್ಟು ಕರೆದರೂ ಬರಲಿಲ್ಲ. ಅವಳನ್ನು ಹದಿನೈದು ವರ್ಷದಿಂದ ನೋಡ್ತಿದ್ದೀನಿ, ಹಾಗೆ ನಕ್ಕದ್ದನ್ನು ಕಂಡಿರಲಿಲ್ಲ.

ದಾರಿ ಬದಿಯಲ್ಲಿ ತಾಂಡಾದ ಒಬ್ಬ ಆಯಿ ಸೀತಾಫಲ ಮಾರ್ತಾ ಇದ್ದರು. ಬುಟ್ಟಿ ಪೂರ್ತಿ ಕೊಂಡೆವು. ಮಾತಿಗೆ ಕೂತೆವು. ಕಾಡು ಅಭಯಾರಣ್ಯ ಆದ ಮೇಲೆ ಆಡು ಬಿಡಂಗಿಲ್ಲ, ಕಟ್ಟಿಗೆ ತರಂಗಿಲ್ಲ ಅಂತ ಹೇಳಿದರು. "ಚಿಗರಿ ಉಳೀಬೇಕು, ಬ್ಯಾಡ ಅನ್ನಲ್ಲ. ನಾವು ಎಲ್ಲಿ ಉಳೀಬೇಕ್ ಮಗಾ?" ಅಂದರು.

ಸಂಗಾತಿಗಳೇ, ಇಲ್ಲಿ ಒಂದು ಕೆಲಸ ಇದೆ, ಗಮನ ಕೊಡ್ರಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ವಾಸ ಇದ್ದದ್ದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ತೋರಿಸಬೇಕು. ಲಂಬಾಣಿ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ನಮ್ಮಲ್ಲಿ ಪರಿಶಿಷ್ಟ ಜಾತಿ. ಗಡಿ ಈ ಕಾಡಿಗೆ ಅಂಟಿಕೊಂಡೇ ಇದೆ. ಗಡಿಯ ಆ ಕಡೆಯ ಬಂಧುವಿಗೆ ಒಂದು ಲೆಕ್ಕ, ಈ ಕಡೆಯವರಿಗೆ ಇನ್ನೊಂದು. 2005ಕ್ಕಿಂತ 75 ವರ್ಷದ ಹಿಂದೆ ಇದು ನಿಜಾಮನ ರಾಜ್ಯ, ಕಾಗದ ಉರ್ದುವಿನಲ್ಲಿ, ಇದ್ದರೆ. ಆ ಆಯಿ ಎಲ್ಲಿಂದ ತರಬೇಕು? ನಾನು ಗುಮಾಸ್ತ, ಕಾಗದ ಹುಡುಕೋದು ನನ್ನ ಕಸುಬು. ಹಳೇ ದಾಖಲೆ ಓದಬಲ್ಲ ಉರ್ದು ಬಲ್ಲವರು ನಮ್ಮ ಜೊತೆ ಬಂದರೆ ತಾಂಡಾಗಳಲ್ಲಿ ಕೂತು ಅರ್ಜಿ ಕೆಲಸ ಶುರುಮಾಡಬಹುದು. ಟೂರ್ ಹೋಗದೇ ಇದ್ದಿದ್ದರೆ ಈ ಮಾತು ನನ್ನ ಕಿವಿಗೆ ಬೀಳ್ತಿರಲಿಲ್ಲ.

ಹೊತ್ತು ಇಳಿಯುವಾಗ ಚಿಗರಿ ಕಂಡವು. ಹತ್ತು ಹನ್ನೆರಡು ಇದ್ದವು. ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆವು. ಕೊಂಬಿನ ಕರಿಯ ಗಂಡು ಒಂದು ತಲೆ ಎತ್ತಿ ನಮ್ಮನ್ನು ನೋಡಿತು. ಆಮೇಲೆ ಒಂದು ಜಿಗಿಯಿತು, ಹಿಂದೆಯೇ ಎಲ್ಲವೂ, ಗಾಳಿಗೆ ಎದ್ದ ಹಾಗೆ. ಮಕ್ಕಳು ಉಸಿರು ಬಿಡಲಿಲ್ಲ. ಕಾಕಾ ಮೆಲ್ಲಗೆ ಅಂದರು, "ಅವಕ್ಕ ಯಾರ ಹೊಲ ಅನ್ನೋದು ಗೊತ್ತಿಲ್ಲ ನೋಡು."

ಹಿರಿಯ ಸಂಗಾತಿಯವರಿಗೆ ನನ್ನ ಉತ್ತರ ಇಷ್ಟು. ಸ್ಕಾಲರ್‌ಶಿಪ್ಪಿನ ಮನವಿ ನಾನೇ ಟೈಪ್ ಮಾಡಿದ್ದೀನಿ, ಸೋಮವಾರ ತಹಶೀಲ್ ಕಚೇರಿಗೆ ಕೊಡೋಣ, ನೀವೂ ಬರ್ರಿ. ಸ್ಮಶಾನದ ಕೇಸನ್ನೂ ಬಿಟ್ಟಿಲ್ಲ. ಆದರೆ ನಮ್ಮ ಮಕ್ಕಳಿಗೆ ಹೋರಾಟ ಅಂದರೆ ಬರೀ ಬಿಸಿಲು, ಧರಣಿ, ಪೊಲೀಸ್ ಗಾಡಿ ಅಂತ ಆಗಬಾರದು. ಯಾವ ನಾಡಿಗಾಗಿ, ಯಾವ ಬಾಳಿಗಾಗಿ ಹೊಡೆದಾಡ್ತೀವೋ ಅದನ್ನು ಅವರು ಒಮ್ಮೆ ಕಣ್ಣಾರೆ ನೋಡಲಿ. ಈ ಕಲ್ಲು, ಈ ನದಿ, ಈ ಚಿಗರಿ ನಮ್ಮವೂ ಹೌದು ಅಂತ ಅವರಿಗೆ ಅನ್ನಿಸಲಿ. ಹಾಗೆ ಅನ್ನಿಸಿದವರು ಯಾವ ಹೋಟೆಲಿನಲ್ಲಾದರೂ ಗ್ಲಾಸ್ ಕೇಳಿ ಕಾಯಬಲ್ಲರು.

ಹೋಗೋರಿಗೆ ನಾಲ್ಕು ಮಾತು. ಸನ್ನತಿಗೆ ರೈಲಿನಲ್ಲಿ ಬರೋರು ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಂದ ಗಾಡಿ ಮಾಡಿಕೊಳ್ರಿ. ಕನಗನಹಳ್ಳಿಯಲ್ಲಿ ಬಿಸಿಲು ಜೋರು, ನೀರು, ಟೋಪಿ ಇಟ್ಟುಕೊಳ್ರಿ. ಎತ್ತಿಪೋತ ನೋಡೋದಾದರೆ ಮಳೆ ಮುಗಿದ ಕೂಡಲೇ ಹೋಗ್ರಿ, ಬೇಸಿಗೆಯಲ್ಲಿ ಬರೀ ಬಂಡೆ. ಕಾಡಿನಲ್ಲಿ ಪ್ಲಾಸ್ಟಿಕ್ ಬಿಡಬ್ಯಾಡ್ರಿ, ಡಿಜೆ ಹಚ್ಚಬ್ಯಾಡ್ರಿ. ತಾಂಡಾದವರ ಹತ್ತಿರ ಹಣ್ಣು ಕೊಳ್ಳುವಾಗ ಚೌಕಾಶಿ ಮಾಡಬ್ಯಾಡ್ರಿ. ಮನೆಯ ಹಿರಿಯರನ್ನು ಬಿಟ್ಟು ಹೋಗಬ್ಯಾಡ್ರಿ, ಫಲಕದಲ್ಲಿ ಬರೆಯದ ಸಂಗತಿ ಅವರಿಗೆ ಗೊತ್ತಿರ್ತದೆ.

ಮುಂದಿನ ಸಲ ವೇರೂಳ. ದಾರಿಯಲ್ಲಿ ದೌಲತಾಬಾದ್ ಕೋಟೆಯ ಆ ಹೊಂಡದ ಹತ್ತಿರ ಇಳಿಯೋದು ಅಂತ ಮಕ್ಕಳು ಈಗಲೇ ಠರಾವು ಮಾಡಿದ್ದಾರೆ. ತಿಂಗಳಿಗೆ 200 ರೂಪಾಯಿ ಚೀಟಿ ಶುರುಮಾಡಿದ್ದೀವಿ. ಎರಡು ಸೀಟು ಖಾಲಿ ಇವೆ. ಫೋನ್ ಮಾಡಿದ ಸಂಗಾತಿಗೆ ಕಿಡಕಿ ಪಕ್ಕದ್ದನ್ನು ಇಟ್ಟಿದ್ದೀನಿ.

ಜೈ ಭೀಮ್. ನಮೋ ಬುದ್ಧಾಯ.